ಬರಿಗಾಲಿನ ಓಟ: ಭಾರ ಎಲ್ಲಿಗೆ ಹೋಗುತ್ತದೆ?

ಸ್ನಾನ ಮುಗಿಸಿ ಒದ್ದೆ ಕಾಲಲ್ಲಿ ಒಣಗಿದ ಸಿಮೆಂಟ್ ನೆಲದ ಮೇಲೆ ಒಂದು ಹೆಜ್ಜೆ ಇಡಿ. ಪಕ್ಕಕ್ಕೆ ಸರಿದು ಆ ಗುರುತನ್ನು ನೋಡಿ. ಹಿಂದೆ ಹಿಮ್ಮಡಿಯ ದುಂಡು ಗುರುತು, ಮುಂದೆ ಬೆರಳುಗಳ ಬುಡದ ಉಬ್ಬಿನದು, ಹೊರ ಅಂಚಿನಲ್ಲಿ ಇವೆರಡನ್ನೂ ಸೇರಿಸುವ ಒಂದು ಪಟ್ಟಿ. ಒಳಭಾಗ ಖಾಲಿ. ಆ ಖಾಲಿ ಜಾಗವೇ ಪಾದದ ಕಮಾನು. ಕೆಲವರ ಹೆಜ್ಜೆಯಲ್ಲಿ ಆ ಖಾಲಿ ಕಾಣುವುದಿಲ್ಲ, ಪೂರ್ತಿ ಪಾದ ನೆಲಕ್ಕೆ ಅಚ್ಚೊತ್ತಿರುತ್ತದೆ. ಅದನ್ನು ಚಪ್ಪಟೆ ಪಾದ ಎನ್ನುತ್ತಾರೆ.

ಹೋದ ಬೇಸಿಗೆಯಲ್ಲಿ ಊರಿಗೆ ಹೋದಾಗ ಹಿತ್ತಲಿನ ಕಲ್ಲುಚಪ್ಪಡಿಯ ಮೇಲೆ ನನ್ನ ಒದ್ದೆ ಹೆಜ್ಜೆಯ ಪಕ್ಕದಲ್ಲೇ ದೊಡ್ಡಪ್ಪನ ಹೆಜ್ಜೆ ಬಿದ್ದಿತ್ತು. ನನ್ನದು ಶೂ ಅಚ್ಚಿನಲ್ಲಿ ಎರಕ ಹೊಯ್ದ ಹಾಗೆ. ಬೆರಳುಗಳೆಲ್ಲ ಒಂದಕ್ಕೊಂದು ಒತ್ತಿಕೊಂಡು ಮುಂದಕ್ಕೆ ಚೂಪಾಗಿದ್ದವು. ಅವರದು ಬೀಸಣಿಗೆ. ಹೆಬ್ಬೆರಳಿಗೂ ಪಕ್ಕದ ಬೆರಳಿಗೂ ನಡುವೆ ನನ್ನ ಕಿರುಬೆರಳು ಆರಾಮಾಗಿ ಹೋಗುವಷ್ಟು ಜಾಗ. ಕೇಳಿದ್ದಕ್ಕೆ, ‘ಚಿಕ್ಕೋನಿದ್ದಾಗಿಂದ ಹಿಂಗೇ ಕಣಪ್ಪ. ಮೊದಲ್ನೇ ಸಲ ಚಪ್ಲಿ ಮೆಟ್ಟಿದ್ದೇ ಮದ್ವೇಲಿ’ ಎಂದರು. ಎಪ್ಪತ್ತೆರಡು ವರ್ಷ ಅವರಿಗೆ. ಇವತ್ತಿಗೂ ಗದ್ದೆಗೆ ಬರಿಗಾಲಲ್ಲೇ ಹೋಗುತ್ತಾರೆ. ಮುಳ್ಳು ಚುಚ್ಚಿದರೆ ತೆಗೆಯಲು ಉಡಿದಾರದಲ್ಲಿ ಒಂದು ಪಿನ್ನು ಸದಾ ಇರುತ್ತದೆ.

ನಾನು ಮೈಸೂರಿನಲ್ಲಿ ಆರು ವರ್ಷದಿಂದ ಓಡುತ್ತಿದ್ದೇನೆ. ಅದರಲ್ಲಿ ಕೊನೆಯ ಮೂರು ವರ್ಷ ಸ್ವಲ್ಪ ಬರಿಗಾಲಲ್ಲಿ, ಸ್ವಲ್ಪ ತೆಳು ಅಟ್ಟೆಯ ಶೂಗಳಲ್ಲಿ. ಈ ವಿಷಯದಲ್ಲಿ ಜನ ಎರಡು ಪಂಗಡವಾಗಿ ಮಾತಾಡುವುದನ್ನು ಕೇಳಿದ್ದೇನೆ. ‘ಶೂನಿಂದಲೇ ಮಂಡಿ ನೋವು, ಬಿಸಾಕಿ’ ಎನ್ನುವವರು ಒಂದು ಕಡೆ. ‘ಬರಿಗಾಲಲ್ಲಿ ಓಡಿದರೆ ಕಾಲು ಮುರಿಯುತ್ತೆ’ ಎನ್ನುವವರು ಇನ್ನೊಂದು ಕಡೆ. ಇಬ್ಬರ ಮಾತಿನಲ್ಲೂ ಅರ್ಧ ನಿಜ ಇದೆ. ಓಡುವಾಗ ಮೈಯ ಮೇಲೆ ಬೀಳುವ ಭಾರ ಶೂ ಹಾಕಿದರೂ ಮಾಯ ಆಗುವುದಿಲ್ಲ, ತೆಗೆದರೂ ಮಾಯ ಆಗುವುದಿಲ್ಲ. ಅದು ಜಾಗ ಬದಲಿಸುತ್ತದೆ. ಹೊಸ ಜಾಗ ಅದನ್ನು ಹೊರಲು ತಯಾರಾಗಿದೆಯಾ ಅನ್ನುವುದೇ ಇಲ್ಲಿರುವ ಪ್ರಶ್ನೆ.

ಹೆಜ್ಜೆಯ ಗುರುತಿನಿಂದ ಶುರು ಮಾಡಿದ್ದಕ್ಕೆ ಕಾರಣ ಇದೆ. ಪ್ರಪಂಚದಲ್ಲಿ ಈ ಚರ್ಚೆ ಎಲ್ಲೇ ನಡೆದರೂ ನಮ್ಮ ಮಣಿಪಾಲದ ಒಂದು ಕೆಲಸದ ಹೆಸರು ಬರುತ್ತದೆ. ಅಲ್ಲಿನ ಕಸ್ತೂರ್ಬಾ ಮೆಡಿಕಲ್ ಕಾಲೇಜಿನ ಯು.ಬಿ. ರಾವ್ ಮತ್ತು ಬೆಂಜಮಿನ್ ಜೋಸೆಫ್ ಅವರು 4ರಿಂದ 13 ವರ್ಷದ 2,300 ಮಕ್ಕಳ ಪಾದದ ಅಚ್ಚು ತೆಗೆದು ನೋಡಿದರು. 1992ರಲ್ಲಿ ಅದು ಪ್ರಕಟವಾಯಿತು. ಚಪ್ಪಲಿ ಅಥವಾ ಶೂ ಹಾಕುವ ಮಕ್ಕಳಲ್ಲಿ ಶೇ 8.6ರಷ್ಟು ಮಂದಿಗೆ ಚಪ್ಪಟೆ ಪಾದ ಇತ್ತು. ಬರಿಗಾಲಲ್ಲಿ ಬೆಳೆದವರಲ್ಲಿ ಶೇ 2.8 ಮಾತ್ರ. ಇನ್ನೂ ಮುಖ್ಯವಾದದ್ದು, ಬೆರಳು ಮುಚ್ಚುವ ಶೂ ಹಾಕುವವರಲ್ಲಿ ಅದು ಎಲ್ಲರಿಗಿಂತ ಜಾಸ್ತಿ. ಸ್ಯಾಂಡಲ್, ಚಪ್ಪಲಿ ಹಾಕುವವರಲ್ಲಿ ಅದಕ್ಕಿಂತ ಕಡಿಮೆ. ಮೂರು ವರ್ಷದ ನಂತರ ದೊಡ್ಡವರ ಮೇಲೆ ನಡೆಸಿದ ಸಮೀಕ್ಷೆಯಲ್ಲೂ ಇದೇ ಜಾಡು ಕಂಡಿತು: ಚಿಕ್ಕಂದಿನಿಂದಲೇ ಶೂ ಹಾಕಿದವರಲ್ಲಿ ಚಪ್ಪಟೆ ಪಾದ ಜಾಸ್ತಿ, ತಡವಾಗಿ ಹಾಕಿದವರಲ್ಲಿ ಕಡಿಮೆ.

ಇದನ್ನು ಓದಿದ ತಕ್ಷಣ ಮಗುವಿನ ಸ್ಕೂಲ್ ಶೂ ಬಿಸಾಡಬೇಕಾಗಿಲ್ಲ. ಚಪ್ಪಟೆ ಪಾದ ಇದ್ದರೂ ಯಾವ ನೋವೂ ಇಲ್ಲದೆ ಜೀವನ ಪೂರ್ತಿ ಓಡಾಡುವವರು ಬೇಕಾದಷ್ಟು ಮಂದಿ ಇದ್ದಾರೆ. ಆದರೆ ಒಂದು ವಿಷಯ ಸ್ಪಷ್ಟ. ಪಾದ ತನ್ನ ಮೇಲೆ ಬಿದ್ದ ಕೆಲಸಕ್ಕೆ ತಕ್ಕಂತೆ ಬೆಳೆಯುತ್ತದೆ. ಮನೆಯೊಳಗೆ, ಅಂಗಳದಲ್ಲಿ, ಮರಳಿನಲ್ಲಿ ಮಕ್ಕಳು ಬರಿಗಾಲಲ್ಲಿ ಆಡಿದರೆ ‘ಚಪ್ಲಿ ಹಾಕ್ಕೋ’ ಎಂದು ಕೂಗುವ ಅಗತ್ಯ ಇಲ್ಲ ಅನ್ನುವಷ್ಟು ಧೈರ್ಯ ನನಗೆ ಆ ಅಧ್ಯಯನದಿಂದ ಬಂತು.

ಒಂದು ಹೆಜ್ಜೆಯಲ್ಲಿ ಏನೇನು ನಡೆಯುತ್ತದೆ

ಒಂದು ಪಾದದಲ್ಲಿ 26 ಮೂಳೆಗಳು, 33 ಕೀಲುಗಳು. ಎರಡೂ ಪಾದ ಸೇರಿದರೆ 52 ಮೂಳೆ. ದೇಹದ ಒಟ್ಟು 206ರಲ್ಲಿ ಕಾಲು ಭಾಗ ನೆಲ ಮುಟ್ಟುವ ಈ ಎರಡು ಸಣ್ಣ ಜಾಗದಲ್ಲೇ ಇದೆ. ಇಷ್ಟೊಂದು ಬಿಡಿಭಾಗ ಇರುವುದು ಪಾದ ಬಗ್ಗಲಿ, ಹರಡಲಿ, ಮತ್ತೆ ಗಟ್ಟಿಯಾಗಲಿ ಅಂತ.

ಕೂತಲ್ಲೇ ಇದನ್ನು ನೋಡಬಹುದು. ಪಾದವನ್ನು ನೆಲದ ಮೇಲಿಟ್ಟು, ಹೆಬ್ಬೆರಳನ್ನು ಮಾತ್ರ ಕೈಯಿಂದ ಮೇಲಕ್ಕೆ ಎತ್ತಿ. ಕಮಾನು ತಾನೇ ಮೇಲೇಳುತ್ತದೆ. ಅಂಗಾಲಿನ ಉದ್ದಕ್ಕೆ ಹಿಮ್ಮಡಿಯಿಂದ ಬೆರಳುಗಳವರೆಗೆ ಒಂದು ಗಟ್ಟಿ ಪಟ್ಟಿ ಹೋಗಿರುತ್ತದೆ. ಬೆರಳು ಮೇಲೆ ಬಾಗಿದಾಗ ಅದು ಬಿಗಿಯುತ್ತದೆ, ಬಾವಿ ರಾಟೆಗೆ ಹಗ್ಗ ಸುತ್ತಿಕೊಂಡ ಹಾಗೆ. ಓಡುವಾಗ ಹಿಮ್ಮಡಿ ಎದ್ದು ಬೆರಳ ಮೇಲೆ ಭಾರ ಬಂದ ಕ್ಷಣ ಇದೇ ಆಗುತ್ತದೆ. ಅಲ್ಲಿಯವರೆಗೆ ಮೆತ್ತಗಿದ್ದ ಪಾದ ಸನ್ನೆಗೋಲಿನ ಹಾಗೆ ಗಟ್ಟಿಯಾಗಿ ನೆಲವನ್ನು ಹಿಂದಕ್ಕೆ ಒದೆಯುತ್ತದೆ.

ಕಮಾನು ಒಂದು ಸ್ಪ್ರಿಂಗ್ ಕೂಡ ಹೌದು. ಬ್ರಿಟನ್ನಿನ ಮೆಕ್‌ನೀಲ್ ಅಲೆಕ್ಸಾಂಡರ್ ಮತ್ತು ಅವರ ಜೊತೆಗಾರರು 1987ರಲ್ಲಿ ಇದನ್ನು ಅಳೆದರು. ಓಟದ ಒಂದು ಹೆಜ್ಜೆಯಲ್ಲಿ ತಿರುಗುವ ಶಕ್ತಿಯಲ್ಲಿ ಸುಮಾರು ಶೇ 17ರಷ್ಟನ್ನು ಕಮಾನು ಹಿಡಿದಿಟ್ಟುಕೊಂಡು ವಾಪಸ್ ಕೊಡುತ್ತದೆ. ಹಿಮ್ಮಡಿಯ ಹಿಂದೆ ಬೆರಳಲ್ಲಿ ಹಿಡಿಯಲು ಸಿಗುವ ದಪ್ಪ ಹುರಿ ಇದೆಯಲ್ಲ, ಅಕಿಲಿಸ್ ಟೆಂಡನ್, ಅದು ಸುಮಾರು ಶೇ 35. ಅಂದರೆ ಅರ್ಧದಷ್ಟು ಕೆಲಸ ಹೀಗೆ ಹಿಗ್ಗಿ ಕುಗ್ಗುವ ಹುರಿಗಳಿಂದಲೇ ನಡೆದುಹೋಗುತ್ತದೆ.

ಈಗ ಲೆಕ್ಕ ನೋಡಿ. ಆರು ನಿಮಿಷಕ್ಕೆ ಒಂದು ಕಿಲೋಮೀಟರ್ ಓಡುವವರು ನಿಮಿಷಕ್ಕೆ 170 ಹೆಜ್ಜೆ ಹಾಕಿದರೂ ಕಿಲೋಮೀಟರಿಗೆ ಸಾವಿರ ಹೆಜ್ಜೆ ದಾಟುತ್ತದೆ. ಪ್ರತಿ ಹೆಜ್ಜೆಯಲ್ಲೂ ನೆಲ ನಮ್ಮನ್ನು ನಮ್ಮ ತೂಕದ ಎರಡರಿಂದ ಮೂರು ಪಟ್ಟು ಬಲದಿಂದ ತಳ್ಳುತ್ತದೆ. 60 ಕೆ.ಜಿ. ತೂಗುವವರಿಗೆ 120ರಿಂದ 180 ಕೆ.ಜಿ. ಭಾರ. ಐದು ಕಿಲೋಮೀಟರಿನಲ್ಲಿ ಐದು ಸಾವಿರ ಸಲ. ಈ ಭಾರ ಮೊದಲು ಎಲ್ಲಿ ಬೀಳುತ್ತದೆ, ಎಷ್ಟು ಬೇಗ ಬೀಳುತ್ತದೆ ಅನ್ನುವುದೇ ಶೂ ಇರುವ ಓಟಕ್ಕೂ ಇಲ್ಲದ ಓಟಕ್ಕೂ ಇರುವ ವ್ಯತ್ಯಾಸ.

ಹಿಮ್ಮಡಿ ಎತ್ತರವಾದ ಕಥೆ

ಇವತ್ತು ಅಂಗಡಿಯಲ್ಲಿ ಸಿಗುವ ರನ್ನಿಂಗ್ ಶೂ ತೀರಾ ಹಳೆಯದೇನಲ್ಲ. 1970ರ ದಶಕದಲ್ಲಿ ಅಮೆರಿಕದಲ್ಲಿ ಸಾಮಾನ್ಯ ಜನ ಜಾಗಿಂಗ್ ಶುರು ಮಾಡಿದರು. ಅದರ ಹಿಂದೆ ಇದ್ದವರಲ್ಲಿ ಆರೆಗಾನ್ ವಿಶ್ವವಿದ್ಯಾಲಯದ ಕೋಚ್ ಬಿಲ್ ಬೋವರ್‌ಮನ್ ಒಬ್ಬರು. ನೈಕಿ ಕಂಪನಿ ಕಟ್ಟಿದ ಇಬ್ಬರಲ್ಲೂ ಅವರು ಒಬ್ಬರು. 1972ರಲ್ಲಿ ಬಂದ ಅವರ ಕಾರ್ಟೆಜ್ ಶೂನಲ್ಲಿ ಹಿಮ್ಮಡಿಯ ಕೆಳಗೆ ದಪ್ಪ ಮೆತ್ತೆ ಇತ್ತು. ಮುಂದೆ ಹಗುರವಾದ ಫೋಮ್ ಬಂದ ಮೇಲೆ ಮೆತ್ತೆ ಇನ್ನೂ ದಪ್ಪವಾಗುತ್ತಾ ಹೋಯಿತು.

ಹಿಮ್ಮಡಿಯ ಕೆಳಗಿನ ದಪ್ಪಕ್ಕೂ ಬೆರಳ ಕೆಳಗಿನ ದಪ್ಪಕ್ಕೂ ಇರುವ ವ್ಯತ್ಯಾಸಕ್ಕೆ ಓಟಗಾರರು ‘ಡ್ರಾಪ್’ ಎನ್ನುತ್ತಾರೆ. ಮಾಮೂಲಿ ಶೂಗಳಲ್ಲಿ ಇದು 10ರಿಂದ 12 ಮಿ.ಮೀ. ಬರಿಗಾಲಲ್ಲಿ ಸೊನ್ನೆ. ‘ಮಿನಿಮಲಿಸ್ಟ್’ ಶೂ, ಅಂದರೆ ಬರಿಗಾಲಿಗೆ ಹತ್ತಿರವಾದ ತೆಳು ಅಟ್ಟೆಯ ಶೂಗಳಲ್ಲಿ ಸೊನ್ನೆ ಅಥವಾ ಅದರ ಹತ್ತಿರ.

ಮೆತ್ತೆ ಬಂದಿದ್ದರಿಂದ ಆದದ್ದು ಇಷ್ಟು. ಬರಿಗಾಲಲ್ಲಿ ಗಟ್ಟಿ ರಸ್ತೆಯ ಮೇಲೆ ಹಿಮ್ಮಡಿ ಊರಿ ಓಡಿ ನೋಡಿ. ನಾಲ್ಕು ಹೆಜ್ಜೆಗೆ ನಿಲ್ಲಿಸುತ್ತೀರಿ. ಏಟು ನೇರವಾಗಿ ತಲೆವರೆಗೂ ಬರುತ್ತದೆ. ಅದೇ ಮೆತ್ತೆ ಇರುವ ಶೂನಲ್ಲಿ ಕಾಲನ್ನು ಮುಂದಕ್ಕೆ ಚಾಚಿ ಹಿಮ್ಮಡಿ ಊರಿದರೂ ನೋವಾಗದು. ಏಟು ಬೀಳುವುದು ನಿಂತಿತು ಅಂತಲ್ಲ, ನಮಗೆ ಗೊತ್ತಾಗುವುದು ಕಡಿಮೆಯಾಯಿತು. ಹೆಜ್ಜೆ ಉದ್ದವಾಯಿತು. ಮಂಡಿ ನೇರವಾಗಿರುವಾಗಲೇ ಭಾರ ಬೀಳುವುದು ರೂಢಿಯಾಯಿತು.

ಬರಿಗಾಲು ಅಂದ ಕೂಡಲೇ ಎಲ್ಲರಿಗೂ ನೆನಪಾಗುವವರು ಇಥಿಯೋಪಿಯಾದ ಅಬೆಬೆ ಬಿಕಿಲಾ. 1960ರ ರೋಮ್ ಒಲಿಂಪಿಕ್ಸ್‌ನ ಮ್ಯಾರಥಾನ್. ಸಿಕ್ಕ ಶೂ ಕಾಲಿಗೆ ಸರಿಹೊಂದಲಿಲ್ಲ. ಊರಲ್ಲಿ ಬರಿಗಾಲಲ್ಲಿ ಓಡಿ ಅಭ್ಯಾಸ ಇತ್ತು. ಹಾಗೇ ಓಡಿದರು. ಸಂಜೆ ಶುರುವಾದ ಓಟ ಕತ್ತಲಾದ ಮೇಲೆ ಮುಗಿಯಿತು. ಪಂಜಿನ ಬೆಳಕಿನಲ್ಲಿ, ಹಳೆಯ ರೋಮನ್ ಕಲ್ಲುದಾರಿಯನ್ನೂ ದಾಟಿ, 2 ಗಂಟೆ 15 ನಿಮಿಷ 16 ಸೆಕೆಂಡಿಗೆ ಕಾನ್‌ಸ್ಟಂಟೈನ್ ಕಮಾನಿನ ಬಳಿ ಗುರಿ ಮುಟ್ಟಿದರು. ಅಲ್ಲಿಯವರೆಗೆ ಅಷ್ಟು ಬೇಗ ಯಾರೂ ಮ್ಯಾರಥಾನ್ ಓಡಿರಲಿಲ್ಲ.

ಈ ಕಥೆ ಹೇಳುವವರು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲಿಸುತ್ತಾರೆ. ನಿಲ್ಲಿಸಬಾರದು. ನಾಲ್ಕು ವರ್ಷದ ನಂತರ ಟೋಕಿಯೊದಲ್ಲಿ ಅದೇ ಬಿಕಿಲಾ ಶೂ ಹಾಕಿ ಓಡಿ 2 ಗಂಟೆ 12 ನಿಮಿಷಕ್ಕೆ ಮುಗಿಸಿದರು. ಅಪೆಂಡಿಕ್ಸ್ ಆಪರೇಷನ್ ಆಗಿ ಕೆಲವೇ ವಾರ ಕಳೆದಿತ್ತು. ಆದರೂ ಚಿನ್ನ ಬಂತು, ಮತ್ತೆ ವಿಶ್ವದಲ್ಲೇ ಅತಿ ವೇಗದ ಮ್ಯಾರಥಾನ್ ಆಯಿತು. ಬರಿಗಾಲಾದ್ದರಿಂದ ಗೆದ್ದರು ಅನ್ನುವುದಕ್ಕಿಂತ, ಯಾವುದರಲ್ಲಿ ಓಡಿದರೂ ಗೆಲ್ಲುವಂತಹ ಕಾಲು ಅವರಿಗಿತ್ತು ಅನ್ನುವುದೇ ಸರಿ.

ವಿಜ್ಞಾನ ಏನು ಹೇಳಿತು, ಎಲ್ಲಿ ತಿದ್ದಿಕೊಂಡಿತು

2010ರ ಜನವರಿಯಲ್ಲಿ ಹಾರ್ವರ್ಡ್‌ನ ಡೇನಿಯಲ್ ಲೀಬರ್‌ಮನ್ ಮತ್ತು ಸಂಗಡಿಗರ ಒಂದು ಅಧ್ಯಯನ ‘ನೇಚರ್’ ಪತ್ರಿಕೆಯಲ್ಲಿ ಬಂತು. ಕೀನ್ಯಾದಲ್ಲಿ ಬರಿಗಾಲಲ್ಲೇ ಓಡಿ ಬೆಳೆದವರನ್ನೂ ಶೂ ಹಾಕಿ ಬೆಳೆದ ಅಮೆರಿಕನ್ನರನ್ನೂ ಅವರು ಹೋಲಿಸಿದ್ದರು. ಶೂ ಹಾಕುವವರು ಹೆಚ್ಚಾಗಿ ಹಿಮ್ಮಡಿ ಊರುತ್ತಿದ್ದರು. ಬರಿಗಾಲಿನವರು ಹೆಚ್ಚಾಗಿ ಪಾದದ ಮುಂಭಾಗವನ್ನು ಮೊದಲು ಊರಿ, ಆಮೇಲೆ ಹಿಮ್ಮಡಿಯನ್ನು ಮೆಲ್ಲಗೆ ಇಳಿಸುತ್ತಿದ್ದರು. ಹಿಮ್ಮಡಿ ಊರಿದಾಗ ಮೊದಲ ಕೆಲವೇ ಮಿಲಿಸೆಕೆಂಡುಗಳಲ್ಲಿ ಒಂದು ಚೂಪಾದ ಏಟು ಬೀಳುತ್ತದೆ. ಮುಂಭಾಗ ಊರಿದಾಗ ಆ ಚೂಪು ಕಾಣುವುದಿಲ್ಲ, ಭಾರ ನಿಧಾನಕ್ಕೆ ಏರುತ್ತದೆ. ಪಾದ, ಕಣಕಾಲು, ಮೀನಖಂಡ ಸೇರಿ ಅದನ್ನು ಸ್ಪ್ರಿಂಗಿನಂತೆ ತಡೆದುಕೊಳ್ಳುತ್ತವೆ.

ಇದನ್ನು ಎಷ್ಟೋ ಮಂದಿ ‘ಮನುಷ್ಯ ಸಹಜವಾಗಿ ಮುಂಗಾಲಲ್ಲೇ ಓಡುತ್ತಾನೆ’ ಎಂದು ಅರ್ಥ ಮಾಡಿಕೊಂಡರು. 2013ರಲ್ಲಿ ಉತ್ತರ ಕೀನ್ಯಾದ ದಾಸನಾಚ್ ಸಮುದಾಯದವರನ್ನು ಇನ್ನೊಂದು ತಂಡ ಓಡಿಸಿ ನೋಡಿತು. ಅವರೂ ಬರಿಗಾಲಲ್ಲೇ ಬೆಳೆದವರು. ತಮಗೆ ಆರಾಮಾದ ವೇಗದಲ್ಲಿ ಓಡಿದಾಗ ಶೇ 72ರಷ್ಟು ಸಲ ಹಿಮ್ಮಡಿಯೇ ಮೊದಲು ನೆಲ ಮುಟ್ಟಿತು. ವೇಗ ಏರಿದ ಹಾಗೆ ಅದು ಕಡಿಮೆಯಾಯಿತು. ಅಂದರೆ ಬರಿಗಾಲಿನ ಜನರೆಲ್ಲ ಒಂದೇ ಥರ ಓಡುವುದಿಲ್ಲ. ವೇಗ, ನೆಲ, ಓಡುವ ರೂಢಿ ಎಲ್ಲವೂ ಸೇರುತ್ತವೆ. ನನಗೆ ಈ ಎರಡನೆಯ ಅಧ್ಯಯನ ಮೊದಲನೆಯದಕ್ಕಿಂತ ಇಷ್ಟ, ಯಾಕೆಂದರೆ ‘ಹೀಗೇ ಊರಬೇಕು’ ಎನ್ನುವ ಹಟವನ್ನು ಅದು ಬಿಡಿಸುತ್ತದೆ.

ಆದರೆ ಅಷ್ಟರಲ್ಲಿ ಅಲೆ ಎದ್ದಾಗಿತ್ತು. ಮೆಕ್ಸಿಕೊದ ಚಿವಾವಾ ಪ್ರಾಂತ್ಯದ ಆಳ ಕಣಿವೆಗಳಲ್ಲಿರುವ ರರಾಮುರಿ ಜನ ಬಹಳ ದೂರ ಓಡುವುದಕ್ಕೆ ಹೆಸರಾದವರು. ಅವರು ಹಾಕುವುದು ಹಳೆ ಟೈರಿನ ತುಂಡಿಗೆ ಚರ್ಮದ ಪಟ್ಟಿ ಕಟ್ಟಿದ ಚಪ್ಪಲಿ. ನಮ್ಮ ಹಳ್ಳಿಗಳಲ್ಲಿದ್ದ ಟೈರ್ ಚಪ್ಪಲಿ ನೆನಪಿದ್ದವರಿಗೆ ಬೇರೆ ವಿವರಣೆ ಬೇಕಿಲ್ಲ. 2009ರಲ್ಲಿ ಅವರ ಬಗ್ಗೆ ಬಂದ ಒಂದು ಪುಸ್ತಕ ಅಮೆರಿಕದಲ್ಲಿ ಲಕ್ಷಾಂತರ ಜನರ ತಲೆ ತಿರುಗಿಸಿತು. ಇಟಲಿಯ ವೈಬ್ರಮ್ ಕಂಪನಿಯ, ಐದು ಬೆರಳಿಗೂ ಬೇರೆ ಬೇರೆ ಗೂಡಿರುವ ಶೂ ಎಲ್ಲ ಕಡೆ ಕಾಣತೊಡಗಿತು. ಜನ ಭಾನುವಾರ ದಪ್ಪ ಶೂ ಬಿಟ್ಟು ಸೋಮವಾರ ತೆಳು ಶೂ ಹಾಕಿ ಅದೇ ಹತ್ತು ಕಿಲೋಮೀಟರ್ ಓಡಿದರು. ಕಾಲುಗಳು ಕೈಕೊಟ್ಟವು. ಪಾದ ಬಲವಾಗುತ್ತದೆ, ಗಾಯ ಕಡಿಮೆಯಾಗುತ್ತದೆ ಎಂದು ಪುರಾವೆ ಇಲ್ಲದೆ ಜಾಹೀರಾತು ಕೊಟ್ಟಿದ್ದೀರಿ ಎಂದು ಗ್ರಾಹಕರು ಕೋರ್ಟಿಗೆ ಹೋದರು. 2014ರಲ್ಲಿ ಕಂಪನಿ ತಪ್ಪೊಪ್ಪಿಕೊಳ್ಳದೆ 37.5 ಲಕ್ಷ ಡಾಲರಿಗೆ ರಾಜಿ ಮಾಡಿಕೊಂಡಿತು.

ನನಗೂ ಇದೇ ಆಯಿತು, ಆ ಅಲೆ ಇಳಿದು ಎಷ್ಟೋ ವರ್ಷದ ಮೇಲೆ. ಮಂಡಿಯ ಮುಂಭಾಗದಲ್ಲಿ ನೋವು ಬಂದು ವರ್ಷವಾಗಿತ್ತು. ಒಬ್ಬ ಗೆಳೆಯರ ಮಾತು ಕೇಳಿ ತೆಳು ಶೂ ತರಿಸಿದೆ. ಕುಕ್ಕರಹಳ್ಳಿ ಕೆರೆ ಏರಿಯ ಮಣ್ಣಿನ ದಾರಿಯಲ್ಲಿ ಮೊದಲ ದಿನ ನಾಲ್ಕು ಕಿಲೋಮೀಟರ್ ಓಡಿದೆ. ಎಂಥ ಹಗುರ! ಮಂಡಿ ನೋವು ಇಲ್ಲವೇ ಇಲ್ಲ. ಮಾರನೆಯ ಬೆಳಿಗ್ಗೆ ಮನೆಯ ಮೆಟ್ಟಿಲು ಇಳಿಯುವುದಕ್ಕೆ ಕಂಬಿ ಹಿಡಿಯಬೇಕಾಯಿತು. ಮೀನಖಂಡ ಕಲ್ಲಾಗಿತ್ತು. ‘ರೂಢಿಯಾಗುತ್ತೆ’ ಎಂದು ಮುಂದುವರಿಸಿದೆ. ರೂಢಿಯೂ ಆಯಿತು. ಐದನೆಯ ವಾರ ಎಡ ಪಾದದ ಮೇಲ್ಭಾಗದಲ್ಲಿ, ಎರಡನೆಯ ಬೆರಳಿನ ನೇರಕ್ಕೆ, ಒಂದು ರೂಪಾಯಿ ನಾಣ್ಯದಷ್ಟು ಜಾಗದಲ್ಲಿ ನೋವು ಕೂತಿತು. ಅಲ್ಲಿ ಬೆರಳಿಟ್ಟು ಒತ್ತಿದರೆ ಜೀವ ಹೋಗುತ್ತಿತ್ತು. ಮೂಳೆಯಲ್ಲಿ ಕೂದಲೆಳೆಯ ಬಿರುಕು. ಎಂಟು ವಾರ ಓಟ ಬಂದ್.

ಯಾಕೆ ಹೀಗಾಯಿತು ಅನ್ನುವುದು ನನಗೆ ಆಗ ಅರ್ಥವಾಗಿರಲಿಲ್ಲ. ಮಂಡಿ ನೋವು ಹೋದದ್ದು ನಿಜ. ಬರಿಗಾಲಲ್ಲಿ ಓಡುವಾಗ ಮಂಡಿಚಿಪ್ಪಿನ ಕೀಲಿನ ಮೇಲಿನ ಒತ್ತಡ ಸುಮಾರು ಶೇ 12ರಷ್ಟು ಇಳಿಯುತ್ತದೆ ಎಂದು ಒಂದು ಅಧ್ಯಯನ ಅಳೆದಿದೆ. ಆದರೆ ಇಳಿದ ಆ ಭಾರ ಎಲ್ಲಿ ಹೋಯಿತು? ಕೆಳಕ್ಕೆ. ಮುಂಭಾಗ ಊರಿ ಓಡುವಾಗ ಹಿಮ್ಮಡಿ ಬೀಳದ ಹಾಗೆ ತಡೆಯುವುದು ಮೀನಖಂಡ ಮತ್ತು ಅಕಿಲಿಸ್. ಶೂನ ಎತ್ತರದ ಹಿಮ್ಮಡಿಗೆ ಒಗ್ಗಿದ್ದ ಆ ಹುರಿ ಈಗ ಪ್ರತಿ ಹೆಜ್ಜೆಗೂ ಒಂದು ಸೆಂಟಿಮೀಟರ್ ಜಾಸ್ತಿ ಕೆಳಗೆ ಇಳಿಯಬೇಕು. ಬೆರಳ ಹಿಂದಿನ ಉದ್ದ ಮೂಳೆಗಳು, ಪೆನ್ಸಿಲಿಗಿಂತ ಸ್ವಲ್ಪ ದಪ್ಪ ಅಷ್ಟೇ, ಅವು ಬಾಗುವ ಬಲವನ್ನು ಹೊರಬೇಕು.

ಇಲ್ಲೇ ಸಮಯದ ವಿಷಯ ಬರುತ್ತದೆ. ಮೈಯ ಎಲ್ಲ ಭಾಗವೂ ಒಂದೇ ವೇಗದಲ್ಲಿ ಹೊಂದಿಕೊಳ್ಳುವುದಿಲ್ಲ. ಅಂಗಾಲಿನ ಚರ್ಮ ಕೆಲವೇ ವಾರದಲ್ಲಿ ಗಟ್ಟಿಯಾಗುತ್ತದೆ. ಮೀನಖಂಡದ ಸ್ನಾಯು ಕೂಡ ವಾರಗಳಲ್ಲಿ ಹುರಿಗಟ್ಟುತ್ತದೆ. ಟೆಂಡನ್ ಮತ್ತು ಮೂಳೆಗೆ ತಿಂಗಳುಗಳು ಬೇಕು. ಹೊಸ ಭಾರ ಬಿದ್ದಾಗ ಮೂಳೆ ಮೊದಲು ತನ್ನ ಹಳೆಯ ಭಾಗವನ್ನು ಕರಗಿಸುತ್ತದೆ, ಆಮೇಲೆ ಹೊಸದನ್ನು ಕಟ್ಟುತ್ತದೆ. ಗೋಡೆ ರಿಪೇರಿಗೆ ಮೊದಲು ಗಾರೆ ಕೆತ್ತುವ ಹಾಗೆ. ಆ ನಡುವಿನ ವಾರಗಳಲ್ಲಿ ಮೂಳೆ ಮೊದಲಿಗಿಂತ ಸೊರಗಿರುತ್ತದೆ. ಅದೇ ಹೊತ್ತಿಗೆ ಚರ್ಮ, ಸ್ನಾಯು ಎರಡೂ ‘ನಾವು ರೆಡಿ’ ಎನ್ನುತ್ತಿರುತ್ತವೆ. ನೋವು ಇಲ್ಲ, ಉಸಿರು ಚೆನ್ನಾಗಿದೆ, ಇನ್ನೂ ಓಡೋಣ ಅನಿಸುತ್ತದೆ. ನನ್ನ ಐದನೆಯ ವಾರ ಬಂದದ್ದು ಹೀಗೆ.

2013ರಲ್ಲಿ ಅಮೆರಿಕದಲ್ಲಿ 36 ಅನುಭವಿ ಓಟಗಾರರನ್ನು ಹತ್ತು ವಾರ ಗಮನಿಸಿದರು. 19 ಮಂದಿ ಹಂತ ಹಂತವಾಗಿ ಐದು ಬೆರಳಿನ ಶೂಗೆ ಬದಲಾದರು. ಎಂ.ಆರ್.ಐ. ತೆಗೆದಾಗ ಅವರಲ್ಲಿ 10 ಮಂದಿಯ ಪಾದದ ಮೂಳೆಯೊಳಗೆ ಊತ ಹೆಚ್ಚಿತ್ತು. ಮೂಳೆ ದಣಿದಿದೆ ಅನ್ನುವುದಕ್ಕೆ ಅದು ಗುರುತು. ಹಂತ ಹಂತವಾಗಿ ಹೋದವರಿಗೇ ಹೀಗಾದರೆ ಆ ಹಂತಗಳು ಸಾಲದು ಅಂತ ಅರ್ಥ. 2017ರ ಇನ್ನೊಂದು ಅಧ್ಯಯನದಲ್ಲಿ 61 ಓಟಗಾರರನ್ನು 26 ವಾರ ನೋಡಿದರು. ತೆಳು ಶೂನಲ್ಲಿ ಗಾಯದ ಅಪಾಯ ತೂಕ ಜಾಸ್ತಿ ಇರುವವರಿಗೆ ಜಾಸ್ತಿ ಎಂದು ತಿಳಿಯಿತು.

ಹಾಗಂತ ಲಾಭ ಇಲ್ಲವೇ? ಇದೆ, ಮತ್ತು ಅದು ಓಟಕ್ಕಿಂತ ನಡಿಗೆಯಿಂದ ಬರುತ್ತದೆ. ಇಂಗ್ಲೆಂಡಿನ ಲಿವರ್‌ಪೂಲ್‌ನ ಸಂಶೋಧಕರು 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆರು ತಿಂಗಳು ದಿನನಿತ್ಯದ ಓಡಾಟಕ್ಕೆ ತೆಳು ಅಟ್ಟೆಯ ಶೂ ಹಾಕಿದವರ ಪಾದದ ಬಲ ಸರಾಸರಿ ಶೇ 57ರಷ್ಟು ಹೆಚ್ಚಿತು. ವ್ಯಾಯಾಮ ಮಾಡಿಸಲಿಲ್ಲ. ಸುಮ್ನೆ ಆಫೀಸಿಗೆ, ಅಂಗಡಿಗೆ ಅದನ್ನೇ ಹಾಕಿ ಹೋದರು, ಅಷ್ಟೇ. ಈ ವಿಷಯದಲ್ಲಿ ನಾನು ಓದಿದ ಎಲ್ಲದರಲ್ಲೂ ಇದು ಅತ್ಯಂತ ಉಪಯೋಗದ ಮಾತು.

ವೇಗದ ವಿಷಯ ಬೇಗ ಮುಗಿಸುತ್ತೇನೆ. ಶೂ ತೂಕ 100 ಗ್ರಾಂ ಹೆಚ್ಚಾದರೆ ಓಟಕ್ಕೆ ಬೇಕಾಗುವ ಶಕ್ತಿ ಸುಮಾರು ಶೇ 1 ಹೆಚ್ಚುತ್ತದೆ. ಹಾಗಾದರೆ ಬರಿಗಾಲೇ ಮಿತವ್ಯಯ ಅಲ್ವಾ? ಅಲ್ಲ. ಕೊಲರಾಡೊ ವಿಶ್ವವಿದ್ಯಾಲಯದಲ್ಲಿ 2012ರಲ್ಲಿ ಹೋಲಿಸಿದಾಗ ಬರಿಗಾಲಿಗೂ ಹಗುರ ಶೂಗೂ ನಡುವೆ ಬರಿಗಾಲಿಗೆ ಯಾವ ಲಾಭವೂ ಕಾಣಲಿಲ್ಲ. ಮೆತ್ತೆ ಮಾಡುವ ಕೆಲಸವನ್ನು ಬರಿಗಾಲಲ್ಲಿ ನಮ್ಮ ಸ್ನಾಯುವೇ ಮಾಡಬೇಕು, ಅದಕ್ಕೂ ಖರ್ಚಿದೆ. ಈಗಿನ ದೊಡ್ಡ ಓಟಗಾರರು ಹಾಕುವ ಶೂಗಳಂತೂ ಎಷ್ಟು ದಪ್ಪವಾದವು ಎಂದರೆ, 2020ರಲ್ಲಿ ವಿಶ್ವ ಅಥ್ಲೆಟಿಕ್ಸ್ ಸಂಸ್ಥೆ ರಸ್ತೆ ಓಟದ ಶೂಗಳ ಅಟ್ಟೆ 40 ಮಿ.ಮೀ. ಮೀರಬಾರದೆಂದು ನಿಯಮ ಮಾಡಬೇಕಾಯಿತು. ರೇಸ್ ಗೆಲ್ಲಬೇಕೆಂದು ಬರಿಗಾಲಿಗೆ ಬರಬೇಡಿ. ಕಾಲು ಗಟ್ಟಿಯಾಗಲಿ, ಹೆಜ್ಜೆ ಮೆತ್ತಗಾಗಲಿ ಎಂದು ಬನ್ನಿ.

ಶುರು ಮಾಡುವವರಿಗೆ

ಅಂಗಡಿಯಲ್ಲಿ ‘ಬೇರ್‌ಫುಟ್’ ಎಂದು ಬರೆದಿರುವುದೆಲ್ಲ ಮಿನಿಮಲಿಸ್ಟ್ ಅಲ್ಲ. 2015ರಲ್ಲಿ ತಜ್ಞರು ಸೇರಿ ಐದು ಅಂಶ ಇಟ್ಟು ಅಳೆಯುವ ಪಟ್ಟಿ ಮಾಡಿದರು: ತೂಕ, ಅಟ್ಟೆಯ ದಪ್ಪ, ಡ್ರಾಪ್, ಎಷ್ಟು ಬಗ್ಗುತ್ತದೆ, ಕಾಲನ್ನು ಬಿಗಿಹಿಡಿಯುವ ಗಟ್ಟಿ ಭಾಗಗಳು ಎಷ್ಟಿವೆ. ನಾನು ಅಂಗಡಿಯಲ್ಲಿ ಮಾಡುವುದು ಇನ್ನೂ ಸುಲಭ. ಶೂ ಎತ್ತಿಕೊಂಡು ಚಪಾತಿಯ ಹಾಗೆ ಸುರುಳಿ ಸುತ್ತುತ್ತೇನೆ. ಆಮೇಲೆ ಬಟ್ಟೆ ಹಿಂಡುವ ಹಾಗೆ ತಿರುಚುತ್ತೇನೆ. ಎರಡಕ್ಕೂ ಬಗ್ಗಬೇಕು. ಒಳಗಿನ ಅಟ್ಟೆ ತೆಗೆದು ನೆಲದ ಮೇಲಿಟ್ಟು ಅದರ ಮೇಲೆ ಬರಿಗಾಲಲ್ಲಿ ನಿಲ್ಲುತ್ತೇನೆ. ಬೆರಳು ಅದರ ಅಂಚು ದಾಟಿ ಹೊರಗೆ ಬಂದರೆ ಆ ಶೂ ಬೇಡ. ನಮ್ಮಲ್ಲಿ ಬಹಳ ಮಂದಿಯ ಪಾದ ಮುಂದೆ ಅಗಲ. ದಕ್ಷಿಣ ಭಾರತದ ಬರಿಗಾಲಿನವರ ಪಾದವನ್ನು ಬೆಲ್ಜಿಯಂನ ತಂಡವೊಂದು 2009ರಲ್ಲಿ ಅಳೆದು, ಅವರ ಪಾದದ ಮುಂಭಾಗ ಅಗಲ, ಒತ್ತಡ ಪಾದದ ತುಂಬ ಸಮವಾಗಿ ಹಂಚಿಕೊಳ್ಳುತ್ತದೆ ಎಂದು ಕಂಡುಕೊಂಡಿತ್ತು. ದೊಡ್ಡಪ್ಪನ ಬೀಸಣಿಗೆ ಕಾಲು ನೆನಪಾಗುತ್ತದೆ.

ಗಾಯ ಮಾಗಿದ ಮೇಲೆ ನಾನು ಮೊದಲು ಮಾಡಿದ್ದು ನಡಿಗೆ. ಎರಡು ತಿಂಗಳು ಮನೆಯಲ್ಲಿ ಚಪ್ಪಲಿ ಬಿಟ್ಟೆ, ಹೊರಗೆ ತೆಳು ಶೂ. ಹಲ್ಲುಜ್ಜುವಾಗ ಒಂಟಿ ಕಾಲಲ್ಲಿ ನಿಲ್ಲುವುದು. ಮೆಟ್ಟಿಲ ಅಂಚಿನಲ್ಲಿ ಬೆರಳೂರಿ ಹಿಮ್ಮಡಿಯನ್ನು ನಿಧಾನಕ್ಕೆ ಕೆಳಗಿಳಿಸಿ ಮೇಲೆತ್ತುವುದು, ದಿನಕ್ಕೆ ಮೂವತ್ತು ಸಲ. ಆಮೇಲೆ ಓಟ. ಹಳೆಯ ಶೂನಲ್ಲೇ ಮಾಮೂಲಿ ಓಡಿ, ಕೊನೆಯ ಐದು ನಿಮಿಷ ಮಾತ್ರ ಬರಿಗಾಲು. ವಾರಕ್ಕೆ ಎರಡು ಸಲ, ಬೆನ್ನುಬೆನ್ನಿಗೆ ಅಲ್ಲ. ಎರಡು ಮೂರು ವಾರಕ್ಕೊಮ್ಮೆ ಒಂದೆರಡು ನಿಮಿಷ ಹೆಚ್ಚಿಸುತ್ತಾ ಹೋದೆ. ಅರ್ಧ ಗಂಟೆ ತಲುಪುವಷ್ಟರಲ್ಲಿ ಎಂಟು ತಿಂಗಳಾಗಿತ್ತು.

ಎಲ್ಲಿ ಓಡಬೇಕು ಎಂದು ಕೇಳುವವರಿಗೆ ನನ್ನ ಉತ್ತರ ಕೇಳಿ ಆಶ್ಚರ್ಯ ಆಗುತ್ತದೆ. ಮೆತ್ತನೆಯ ಹುಲ್ಲು ಅಲ್ಲ, ನಯವಾದ ಗಟ್ಟಿ ನೆಲ. ಹುಲ್ಲಿನೊಳಗೆ ಏನಿದೆಯೋ ಕಾಣುವುದಿಲ್ಲ. ಅದಕ್ಕಿಂತ ಮುಖ್ಯ, ಮೆತ್ತನೆಯ ನೆಲ ಒರಟು ಹೆಜ್ಜೆಯನ್ನು ಮುಚ್ಚಿಡುತ್ತದೆ. ಗಟ್ಟಿ ನೆಲ ತಕ್ಷಣ ಹೇಳುತ್ತದೆ. ಕಂಬಳದ ಗದ್ದೆಯಲ್ಲಿ ಕೋಣಗಳ ಹಿಂದೆ ಬರಿಗಾಲಲ್ಲಿ ಓಡುವವರನ್ನು ನೋಡಿ ‘ನೋಡಿ, ನಮ್ಮವರು ಹೇಗೆ ಓಡುತ್ತಾರೆ’ ಎನ್ನುವವರಿದ್ದಾರೆ. 2020ರಲ್ಲಿ ಮೂಡಬಿದಿರೆ ಕಡೆಯ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಮುಗಿಸಿದಾಗ ದೇಶವೇ ಮಾತಾಡಿತು. ಅದು ದೊಡ್ಡ ಸಾಧನೆ, ಅವರ ಕಾಲಿನ ಬಲಕ್ಕೆ ಕೈ ಮುಗಿಯಬೇಕು. ಆದರೆ ಅಲ್ಲಿ ಕೋಣಗಳ ಎಳೆತ ಇದೆ, ಕೆಳಗೆ ಕೆಸರು ಇದೆ. ರಸ್ತೆಯ ಮೇಲೆ ಐದು ಸಾವಿರ ಹೆಜ್ಜೆ ಹಾಕುವುದಕ್ಕೂ ಅದಕ್ಕೂ ಹೋಲಿಕೆ ಕೂಡದು.

ಓಡುವಾಗ ಎಲ್ಲಿ ಊರುತ್ತಿದ್ದೇನೆ ಎಂದು ಕಾಲನ್ನೇ ನೋಡಬೇಡಿ. ಬೇಕೆಂದೇ ತುದಿಗಾಲಲ್ಲಿ ಓಡಿದರೆ ಅಕಿಲಿಸ್‌ಗೆ ಏಟು. ಹೆಜ್ಜೆ ಚಿಕ್ಕದು ಮಾಡಿ, ಸ್ವಲ್ಪ ಬೇಗ ಬೇಗ ಇಡಿ, ಸದ್ದು ಕಡಿಮೆ ಮಾಡಿ. ಊರುವ ಜಾಗ ತಾನೇ ಸರಿಹೋಗುತ್ತದೆ. ಹಿಮ್ಮಡಿ ಪ್ರತಿ ಹೆಜ್ಜೆಗೂ ನೆಲ ಮುಟ್ಟಬೇಕು, ಮೆಲ್ಲಗೆ.

ಅಂಗಾಲು ಜಡ್ಡುಗಟ್ಟಿದರೆ ನೆಲದ ಅರಿವು ಹೋಗುತ್ತದೆ ಎಂಬ ಭಯ ಕೆಲವರಿಗೆ. 2019ರಲ್ಲಿ ಕೀನ್ಯಾ ಮತ್ತು ಅಮೆರಿಕದ ಜನರ ಅಂಗಾಲು ಅಳೆದು ನೋಡಿದಾಗ ಜಡ್ಡು ದಪ್ಪವಾದರೂ ಸ್ಪರ್ಶದ ಅರಿವು ಕಡಿಮೆಯಾಗುವುದಿಲ್ಲ ಎಂದು ಗೊತ್ತಾಯಿತು. ಮೆತ್ತೆಯ ಶೂಗೂ ಜಡ್ಡಿಗೂ ಇರುವ ವ್ಯತ್ಯಾಸ ಇದು.

ಇನ್ನು ಯಾರಿಗೆ ಬೇಡ ಅನ್ನುವುದನ್ನು ಖಡಾಖಂಡಿತವಾಗಿ ಹೇಳಬೇಕು. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದವರು, ಅಂಗಾಲಿನಲ್ಲಿ ಸ್ಪರ್ಶ ಕಡಿಮೆಯಾದವರು ಬರಿಗಾಲಲ್ಲಿ ಓಡಲೇಬಾರದು, ನಡೆಯಲೂಬಾರದು. ಗಾಜು ಚುಚ್ಚಿದ್ದು ಗೊತ್ತಾಗದೆ ಗಾಯ ಕೊಳೆತು ಕಾಲೇ ಕಳೆದುಕೊಳ್ಳುವವರಿದ್ದಾರೆ. ಮೂಳೆ ಸವೆತ ಇರುವವರು, ಹಿಂದೆ ಪಾದದ ಮೂಳೆ ಬಿರುಕು ಬಿಟ್ಟವರು ಡಾಕ್ಟರನ್ನು ಕೇಳದೆ ಶುರು ಮಾಡಬಾರದು. ಉಳಿದವರೂ ಟಿ.ಟಿ. ಇಂಜೆಕ್ಷನ್ ಯಾವಾಗ ಹಾಕಿಸಿಕೊಂಡದ್ದು ಎಂದು ನೋಡಿಕೊಳ್ಳಿ.

ಬರಿಗಾಲನ್ನು ಹೊಗಳುವಾಗ ಒಂದು ಚಿತ್ರ ನನ್ನ ಕಣ್ಣಮುಂದೆ ಬರುತ್ತದೆ. ಬಿಕಿಲಾ ಅವರ ಇಥಿಯೋಪಿಯಾದ ಎತ್ತರದ ಪ್ರದೇಶಗಳಲ್ಲಿ ಜ್ವಾಲಾಮುಖಿಯ ಕೆಂಪು ಜೇಡಿಮಣ್ಣಿದೆ. ವರ್ಷಗಟ್ಟಲೆ ಬರಿಗಾಲಲ್ಲಿ ಅದರಲ್ಲಿ ದುಡಿದವರಲ್ಲಿ ಅನೇಕರ ಕಾಲು ಆನೆಕಾಲಿನಂತೆ ಊದಿಕೊಳ್ಳುತ್ತದೆ. ಪೊಡೊಕೊನಿಯೋಸಿಸ್ ಎಂದು ಅದರ ಹೆಸರು. ಸೊಳ್ಳೆಯಿಂದ ಬರುವ ಆನೆಕಾಲು ರೋಗ ಅಲ್ಲ, ಮಣ್ಣಿನಿಂದ ಬರುವುದು. ಚಿಕ್ಕಂದಿನಿಂದ ಶೂ ಹಾಕಿದರೆ ಅದನ್ನು ತಡೆಯಬಹುದು. ನಮ್ಮ ಹಳ್ಳಿಗಳಲ್ಲಿ ಕೊಕ್ಕೆಹುಳು ಮೈಗೆ ಹೊಕ್ಕುತ್ತಿದ್ದದ್ದೂ ಬರಿಗಾಲಿನ ಚರ್ಮದ ಮೂಲಕವೇ. ಶೂ ಇದ್ದು ಬಿಡುವುದು ಬೇರೆ, ಇಲ್ಲದೆ ನಡೆಯುವುದು ಬೇರೆ. ದೊಡ್ಡಪ್ಪ ಮದುವೆಗೆ ಮೊದಲು ಚಪ್ಪಲಿ ಮೆಟ್ಟದೆ ಇದ್ದದ್ದು ಯಾವ ಅಧ್ಯಯನ ಓದಿಯೂ ಅಲ್ಲ.

ಈಗ ವಾರದಲ್ಲಿ ನಾಲ್ಕು ದಿನ ಓಡುತ್ತೇನೆ. ಎರಡು ದಿನ ಮಾಮೂಲಿ ಶೂ, ಒಂದು ದಿನ ತೆಳು ಶೂ, ಒಂದು ದಿನ ಬರಿಗಾಲು. ಯಾವ ದಿನ ಯಾವುದು ಎಂದು ಮೊದಲೇ ಗೊತ್ತು ಮಾಡಿಕೊಳ್ಳುವುದಿಲ್ಲ. ಬೆಳಿಗ್ಗೆ ಐದೂವರೆಗೆ ಎದ್ದು, ಕತ್ತಲಲ್ಲೇ, ಕಂಬಿ ಹಿಡಿಯದೆ ಮನೆಯ ಹದಿನಾಲ್ಕು ಮೆಟ್ಟಿಲು ಇಳಿಯುತ್ತೇನೆ. ಮೀನಖಂಡ ಬಿಗಿ ಇದ್ದರೆ ಮೂರನೆಯ ಮೆಟ್ಟಿಲಿಗೇ ಗೊತ್ತಾಗುತ್ತದೆ. ಆ ದಿನ ದಪ್ಪ ಶೂನ ಲೇಸ್ ಕಟ್ಟುತ್ತೇನೆ. ಏನೂ ಅನಿಸದಿದ್ದರೆ ಶೂಗಳನ್ನು ಬಾಗಿಲ ಬಳಿಯೇ ಬಿಟ್ಟು ಗೇಟು ತೆಗೆಯುತ್ತೇನೆ.